ಅಟ್ಟದಲ್ಲಿಟ್ಟ ಮಾತು

ಇದು ನಡೆದ ಕಥೆ. ಹೀಗೆ ಹೇಳಿದ ಕೂಡಲೇ ನನ್ನ ಪರಿಚಯದವರೆಲ್ಲ ಕುರ್ಚಿ ಹಿಂದಕ್ಕೆ ಜರುಗಿಸಿಕೊಂಡು, "ಸಾಕು ಬಿಡಪ್ಪ" ಎನ್ನುತ್ತಾರೆ. ತಪ್ಪು ಅವರದಲ್ಲ. ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ನಾನು ನಿರ್ದೇಶಕರ ದನಿಯಲ್ಲಿ ಫೋನ್ ಮಾಡಿ ಮೂರು ಸಲ ಕಚೇರಿಗೆ ರಜೆ ಕೊಟ್ಟಿದ್ದೇನೆ. ಮಂತ್ರಿಗಳ ದನಿಯಲ್ಲಿ ನಿರ್ದೇಶಕರಿಗೇ ಒಮ್ಮೆ ಶಹಬ್ಬಾಸ್ ಹೇಳಿ, ಅವರು ವಾರವಿಡೀ ಹೊಸ ಷರ್ಟು ಹಾಕುವಂತೆ ಮಾಡಿದ್ದೇನೆ. ಆದರೆ ಈ ಕಥೆಯಲ್ಲಿ ಬೇಸ್ತು ಬಿದ್ದವನು ನಾನೇ. ಆದ್ದರಿಂದ ಧೈರ್ಯವಾಗಿ ನಂಬಬಹುದು.

ನನ್ನ ಹೆಸರು ಚೆಲುವರಾಜು. ಹೆಸರಿನ ಮೊದಲರ್ಧ ತಾಯಿಯ ಆಸೆ, ಉಳಿದರ್ಧ ತಂದೆಯದು, ಎರಡೂ ಈಡೇರಲಿಲ್ಲ. ಊರು ಮೈಸೂರು. ನೌಕರಿ ಗದಗ ಸೀಮೆಯ ಎರೆಹೊಲಗಳ ನಡುವೆ, ಗಾಳಿಯಂತ್ರಗಳ ಸಾಲು ಮುಗಿಯುವಲ್ಲಿ ನಿಂತಿರುವ ಮೇಲ್ವಾಯುಮಂಡಲ ಕೇಂದ್ರದಲ್ಲಿ. "ನಾನು ನಿಜವಾದ ಮೇಲಧಿಕಾರಿ, ನನ್ನ ಅಧಿಕಾರವೆಲ್ಲ ತೊಂಬತ್ತೈದು ಕಿಲೋಮೀಟರ್ ಮೇಲೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಅವರು ನಗದಿದ್ದರೆ ಬಿಡಿಸಿ ಹೇಳುತ್ತಿದ್ದೆ: "ಮೇಲೆ... ಅಧಿಕಾರಿ. ಗೊತ್ತಾಯ್ತಾ?"

ನನ್ನ ಹೆಂಡತಿ ನೀಲಾಂಬಿಕಾ ಹಿಂದಿನಿಂದ, "ಗೊತ್ತಾತ್ರೀ, ಬಿಡ್ರಿ ಪಾಪ, ಅವರೂ ಮನಿಗೆ ಹೋಗ್ಬೇಕು" ಎನ್ನುತ್ತಿದ್ದಳು.

ನೀಲಾ ಗದಗಿನವಳು. ಧಾರವಾಡದಲ್ಲಿ ಇಬ್ಬರೂ ಓದುವಾಗ ಪರಿಚಯ. ಆಮೇಲೆ ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರಾದಳು; ಊರಿಗೆಲ್ಲ ನೀಲಾ ಅಕ್ಕೋರು. ಅವಳ ಮಾತನ್ನು ಅಣಕಿಸುವುದು ನನ್ನ ಮೊದಲ ಪ್ರೇಮಪತ್ರ. "ಯಾಕ್ರೀ, ಏನ್ ಹಚ್ಚೀರಿ, ಸುಮ್ನ ಕೂಡ್ರಿ" ಎಂದು ಅವಳ ದನಿಯಲ್ಲೇ ಅವಳ ಮುಂದೆ ಹೇಳಿದಾಗ, ಸುತ್ತಲಿದ್ದವರೆಲ್ಲರಿಗಿಂತ ಜೋರಾಗಿ ನಕ್ಕವಳು ಅವಳು. ಅವಳದೊಂದು ಕಟ್ಟುನಿಟ್ಟಾದ ನಿಯಮವಿತ್ತು: "ಯಾರನ್ನ ಆಡ್ಕೋತೀರಿ, ಅವರ ಎಲ್ಲಾರಕಿಂತ ಜೋರ ನಗಬೇಕು. ಅವರು ನಗಲಿಲ್ಲಂದ್ರ ಅದು ಆಟ ಅಲ್ರೀ, ಅಪಮಾನ." ಇಪ್ಪತ್ನಾಲ್ಕು ವರ್ಷ ಅವಳು ಆ ನಿಯಮವನ್ನು ಪಾಲಿಸಿದಳು. ಎಲ್ಲ ಸಲವೂ ಗುರಿ ಅವಳೇ; ಎಲ್ಲ ಸಲವೂ ಜೋರು ನಗು ಅವಳದೇ. ನಗುವಿನ ಕೊನೆಗೆ ಒಂದು ಬಿಕ್ಕಳಿಕೆ ಬರುತ್ತಿತ್ತು. ಅದನ್ನು ಮಾತ್ರ ನನಗೆ ಅಣಕಿಸಲು ಬರಲಿಲ್ಲ.

ಇನ್ನು ವಿಜ್ಞಾನ. ಹೆದರಬೇಡಿ, ಒಂದೇ ಗುಕ್ಕಿನಲ್ಲಿ ಮುಗಿಸುತ್ತೇನೆ.

ತೊಂಬತ್ತೈದು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ವಿಮಾನ ಅಷ್ಟು ಮೇಲೆ ಏರಲಾರದು. ಉಪಗ್ರಹ ಅಷ್ಟು ಕೆಳಗೆ ಇಳಿದರೆ ಉಳಿಯಲಾರದು. ಉಲ್ಕೆಗಳು ದಿನವೂ ಅಲ್ಲಿಗೆ ಬಂದು ಉರಿದು ಬೀಳುತ್ತವೆ. ಅವುಗಳ ಕಬ್ಬಿಣ, ಸೋಡಿಯಂ ಎಲ್ಲ ತೆಳ್ಳನೆಯ ಬೂದಿಯ ಪದರವಾಗಿ ಅಲ್ಲೇ ತೇಲುತ್ತಿರುತ್ತದೆ. ಜೂನ್ ಮೊದಲ ವಾರದಲ್ಲಿ ಒಂದು ಉಲ್ಕಾವೃಷ್ಟಿ ಹಾಡಹಗಲೇ ಸುರಿಯುತ್ತದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದು. ರೇಡಾರಿಗೆ ಮಾತ್ರ ಕೇಳಿಸುತ್ತದೆ. ಅಂಥ ಒಂದು ಬೆಳಗ್ಗೆ ನಾವು ಪರೀಕ್ಷೆಗೆಂದು ಕಳಿಸಿದ ಒಂದು ರೇಡಿಯೋ ದನಿಯನ್ನು ಆ ಬೂದಿ ಹಿಂದಕ್ಕೆ ಕಳಿಸಲಿಲ್ಲ. ಇಟ್ಟುಕೊಂಡಿತು. ಮರುವರ್ಷ ಭೂಮಿ ಸೂರ್ಯನ ಸುತ್ತ ಅದೇ ಜಾಗಕ್ಕೆ ಬಂದು, ಅದೇ ಉಲ್ಕೆಗಳ ಹೊಸ ಬೂದಿ ಹಳೆಯದರ ಮೇಲೆ ಬಿದ್ದಾಗ ದನಿ ಕಳಚಿಕೊಂಡು ಕೆಳಗಿಳಿಯಿತು. ಒಂದು ವರ್ಷ ಹಳೆಯ "ಹಲೋ, ಹಲೋ, ಟೆಸ್ಟಿಂಗ್."

ಇದನ್ನು ವಿವರಿಸಲು ನಮ್ಮವರು ನಲವತ್ತು ಪುಟದ ಪ್ರಬಂಧ ಬರೆದರು. ನೀಲಾ ಒಲೆಯ ಮುಂದೆ ನಿಂತು ಕೇಳಿಸಿಕೊಂಡು, "ಹೆಪ್ಪು ಹಾಕಿದಂಗ ಅನ್ರಿ" ಎಂದಳು. ಹಳೆಯದರ ಜತೆ ಹೊಸದು ಬೆರೆತರೆ ತಾನೇ ಮೊಸರು. ಆ ಪ್ರಬಂಧದಲ್ಲಿ ಅದಕ್ಕಿಂತ ಸ್ಪಷ್ಟವಾದ ವಾಕ್ಯ ಇರಲಿಲ್ಲ.

ಕಾಗದಪತ್ರಗಳಲ್ಲಿ ಅದರ ಹೆಸರು ಸ್ಮೃತಿಸ್ತರ. ಜನ ಅಟ್ಟ ಎಂದರು, ಅದರಲ್ಲಿ ತಮ್ಮ ದನಿ ಇಡಲು ಬರತೊಡಗಿದರು. ಒಂದು ಬೆಳಗ್ಗೆ ನಾಲ್ಕು ನಾಲ್ಕು ನಿಮಿಷದ ಇಪ್ಪತ್ತು ಸರದಿ ಮಾತ್ರ ಅಟ್ಟಕ್ಕೇರುತ್ತಿತ್ತು. ಮೊದಲು ಏರಿದ್ದು ಮೊದಲು ಇಳಿಯುತ್ತಿತ್ತು, ಸಾಲು ತಪ್ಪುತ್ತಿರಲಿಲ್ಲ. ಇಳಿಯುವುದು ಒಂದೇ ಸಲ.

"ಮೊಬೈಲ್‌ನಲ್ಲೇ ಹಿಡಿದಿಟ್ಕೋಬಹುದಲ್ಲಪ್ಪ, ಇಷ್ಟು ದೂರ ಯಾಕೆ ಬರ್ತಾರೆ?" ಎಂದು ಮೊದಲ ವರ್ಷ ನಾನೇ ಕೇಳಿದ್ದೆ. ಆಂಟೆನಾಗಳನ್ನು ನೋಡಿಕೊಳ್ಳುವ ನದಾಫ್, ಮಿತಭಾಷಿ, ಸ್ಕ್ರೂ ಬಿಗಿ ಮಾಡುತ್ತಲೇ ಹೇಳಿದ: "ಸರ, ಮೊಬೈಲ್‌ನಾಗ ಕೇಳಿದ್ರ ನಾವು ಅವರನ್ನ ಕರದಂಗ. ಮ್ಯಾಲಿಂದ ಬಂದ್ರ ಅವರ ನಮ್ಮನ್ನ ಕರದಂಗ."

ಹಾಗೆಯೇ ಆಯಿತು. ವಯಸ್ಸಾದವರು ಬಂದು ದನಿ ಇಟ್ಟು ಹೋಗುವರು. ಮರುವರ್ಷ ಅವರಿದ್ದರೆ ಮನೆಯವರೆಲ್ಲ ಜತೆಗೆ ಕೂತು ಕೇಳಿ ನಗುವರು; ಇಲ್ಲದಿದ್ದರೆ ಉಳಿದವರು ಬಂದು, ಚಪ್ಪಲಿ ಹೊರಗೆ ಬಿಟ್ಟು ಕೇಳುವರು. ನಾವು ಪ್ರತಿಯೊಂದನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತಿದ್ದೆವು. ಬಹಳಷ್ಟು ಜನ ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದರು.

ಸುತ್ತಲಿನ ರೈತರಿಗೆ ದಿನ ಹೇಳಬೇಕಾಗಿರಲಿಲ್ಲ. ಉಲ್ಕೆ ಸುರಿಯುವುದೂ ಮಿರಗದ, ಅಂದರೆ ಮೃಗಶಿರಾ ಮಳೆ ಹೂಡುವುದೂ ಒಂದೇ ಹೊತ್ತಿಗೆ. ಮಳೆನಕ್ಷತ್ರಗಳ ಲೆಕ್ಕ ಸೂರ್ಯನದ್ದು, ಉಲ್ಕೆಯದ್ದೂ ಸೂರ್ಯನದ್ದೇ. "ಮಿರಗಕ್ಕ ಬರ್ತೀವ್ರಿ" ಎನ್ನುವರು, ಸರಿಯಾಗಿ ಬರುವರು. ತಪ್ಪುತ್ತಿದ್ದದ್ದು ಪಂಚಾಂಗ ಮುಂದಿಟ್ಟುಕೊಂಡ ಪಟ್ಟಣದವರು. ಒಂದು ವರ್ಷ ನಿವೃತ್ತ ವಕೀಲ ಕುಲಕರ್ಣಿಯವರ ಮನೆಯವರು ಅವರ ದನಿ ಇಡಲೆಂದು, ಹಿಂದಿನ ವರ್ಷ ಉಲ್ಕೆ ಬಿದ್ದ ತಿಥಿ ಹಿಡಿದು ಹದಿನೇಳನೆಯ ಸರದಿ ಕಾದಿರಿಸಿದರು. ನಡುವೆ ಅಧಿಕಮಾಸ ಬಂದಿತ್ತು. ಹತ್ತೊಂಬತ್ತು ದಿನ ತಡವಾಗಿ, ಮಡಿಪಂಚೆ ಉಟ್ಟು, ಎರಡು ಕಾರು ಮಾಡಿಕೊಂಡು ಬಂದು ನಿಂತರು. ಅಷ್ಟರಲ್ಲಿ ಅಟ್ಟ ಬಾಗಿಲು ಹಾಕಿತ್ತು. ಈ ಹದಿನೇಳನೆಯ ಸರದಿಯನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತೇಬಿಟ್ಟಿದ್ದೆ.

ಅದೇ ವರ್ಷದ ಮಾತು. ನೀಲಾಳ ದನಿ ಒಡೆಯತೊಡಗಿತ್ತು. ಮೊದಲು ಸೀಮೆಸುಣ್ಣದ ಧೂಳು ಎಂದುಕೊಂಡೆವು. ಆಮೇಲೆ ಹುಬ್ಬಳ್ಳಿಯ ಡಾಕ್ಟರು ಪೆನ್ನಿನಿಂದ ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ಧ್ವನಿಪೆಟ್ಟಿಗೆಯ ಸುತ್ತ ಒಂದು ವೃತ್ತ ಹಾಕಿದರು. "ಪೂರ್ತಿ ತೆಗೀಬೇಕಾಗ್ತದ" ಎಂದರು. ಜೂನ್ ಹನ್ನೆರಡಕ್ಕೆ ಆಪರೇಷನ್.

ನೀಲಾ ವೃತ್ತವನ್ನೇ ನೋಡಿ, "ಎಷ್ಟ ದುಂಡಗ ಬರದಾರ ನೋಡ್ರಿ, ಕೈವಾರ ಇಲ್ಲದ" ಎಂದಳು. ಗಣಿತದ ಟೀಚರು.

ಬಸ್ಸಿನಲ್ಲಿ ಬರುವಾಗ ಕೇಳಿದಳು: "ಏಳನೇ ತಾರೀಕ ಅಟ್ಟದಾಗ ನನಗೊಂದು ಸರದಿ ಸಿಗತೈತೇನ್ರಿ?"

"ಮೇಲಧಿಕಾರಿಯ ಹೆಂಡ್ತಿ ಕಣೇ ನೀನು."

"ನಿಮ್ಮ ಮೊಬೈಲ್‌ನಾಗ ನನ್ನ ಎಂಬತ್ತ ವಿಡಿಯೋ ಅದಾವು. ಎಲ್ಲಾದ್ರಾಗೂ ಮಾತಾಡಾವ್ರು ನೀವ. ನಾ ಬರೇ ನಗಾಕತ್ತೀನಿ. ನನಗೊಂದು ನಾಕ ನಿಮಿಷ ಸಂದಿ ಕೊಡ್ರಿ ಅಷ್ಟ."

ಹನ್ನೊಂದನೆಯ ಸರದಿ ಅವಳ ಹೆಸರಿಗೆ ಬರೆದೆ. ಅವಳು ಪಾಠದ ಟಿಪ್ಪಣಿ ಬರೆಯುವ ಪುಸ್ತಕದಲ್ಲಿ ಏನೇನೋ ಬರೆದುಕೊಂಡಳು. ನಾನು ಇಣುಕಿದರೆ ಮೊಣಕೈ ಅಡ್ಡ ಇಡುವಳು, ಪರೀಕ್ಷೆಯಲ್ಲಿ ಕೂತ ಹುಡುಗಿಯ ಹಾಗೆ.

ಏಳನೆಯ ತಾರೀಖು ಬೆಳಗ್ಗೆ ನಿಯಂತ್ರಣ ಕೋಣೆಯಲ್ಲಿ ಅವಳು ಮೈಕಿನ ಮುಂದೆ ನಿಂತಳು. ಅವಳ ಶಾಲೆಯ ಟೀಚರುಗಳು ಗಾಜಿನಾಚೆ ಬೆಂಚಿನ ಮೇಲೆ ಕೂತಿದ್ದರು. ನದಾಫ್ ಹಸಿರು ದೀಪ ಹಾಕಿದ. ನೀಲಾ ಪುಸ್ತಕ ತೆರೆದಳು, ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಐದು ಸೆಕೆಂಡು. ಹತ್ತು ಸೆಕೆಂಡು. ಹಾಳೆ ಮುಂದಕ್ಕೆ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ಅವಳು ನನ್ನ ಕಡೆ ನೋಡಿದಳು.

ಆ ನೋಟವನ್ನು ನಾನು ತಡೆದುಕೊಳ್ಳಬೇಕಿತ್ತು. ಸುಮ್ಮನೆ ನಿಂತು ಕಾಯಬೇಕಿತ್ತು. ಇಪ್ಪತ್ತು ಸೆಕೆಂಡಿನಲ್ಲಿ ಅವಳಿಗೆ ದನಿ ಬರುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಮೈಕಿಗೆ ಬಾಗಿ, ಅವಳ ದನಿಯಲ್ಲಿ ಶುರುಮಾಡಿದೆ: "ಲೇ ಹುಡುಗೂರಾ, ಪುಸ್ತಕ ತಗೀರಿ. ಯಾಂವ ಅವ ಕಿಡಿಕ್ಯಾಗ ನೋಡಾಂವ? ಕಿಡಿಕ್ಯಾಗ ಸೂತ್ರ ಬರದಾರೇನು?"

ಬೆಂಚಿನವರು ಹೋ ಎಂದರು. ನೀಲಾಳೂ ನಕ್ಕಳು, ಜೋರಾಗಿ. ಅದರಿಂದ ನನಗೆ ಇನ್ನಷ್ಟು ಹುಮ್ಮಸ್ಸು ಬಂತು. ಪೈಥಾಗೊರಸ್ ಪಾಠ, ಕಾಯಿಪಲ್ಯದವಳ ಜತೆಗಿನ ಚೌಕಾಸಿ, ನನಗೆ ಬೈಯುವ ರೀತಿ. ನಿಲ್ಲಿಸಿದರೆ ಅವಳು ಮತ್ತೆ ಹಾಳೆ ತಿರುವುವುದನ್ನು ನೋಡಬೇಕಲ್ಲ ಎಂದು ನಿಲ್ಲಿಸದೆ ಹೇಳಿದೆ. ಕೆಂಪು ದೀಪ ಬಂತು. ನಾಲ್ಕು ನಿಮಿಷ ಮುಗಿದಿತ್ತು. ನೀಲಾ ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಿದಳು.

"ಚಲೋ ಆತ್ರಿ" ಎಂದಳು.

"ಡೀಸೆಲ್ ನೋಡ್ಕೊಂಡು ಬರ್ತೀನಿ" ಎಂದು ಹೇಳಿ ನಾನು ಹೊರಗೆ ಹೋದೆ. ಜನರೇಟರ್ ಶೆಡ್ಡಿನ ಹಿಂದೆ ಅರ್ಧ ಗಂಟೆ ನಿಂತಿದ್ದೆ. ಡೀಸೆಲ್ ಎಷ್ಟಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಪರೇಷನ್ ಆದ ಮೇಲೆ ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟರು. ಅವಳ ಭಾಷೆಯಲ್ಲಿ ಪಾಟಿ. ಅವಳು ಅದರಲ್ಲಿ ಬರೆದದ್ದನ್ನು ನಾನು ಅವಳ ದನಿಯಲ್ಲಿ ಓದುತ್ತಿದ್ದೆ. ಹಾಲಿನವನಿಗೆ, ಪಕ್ಕದ ಮನೆಯವರಿಗೆ, ಫೋನಿನಲ್ಲಿ ಅವಳ ತಂಗಿಗೆ. ತಂಗಿ, "ಅಕ್ಕಾ, ನಿನ್ನ ದನಿ ವಾಪಸ್ ಬಂತೇನ?" ಎಂದು ಕೂಗಿಕೊಂಡಾಗ ನಾನೂ ನೀಲಾಳೂ ಬಿದ್ದು ಬಿದ್ದು ನಕ್ಕೆವು. ಅವಳದು ಸದ್ದಿಲ್ಲದ ನಗು. ಭುಜಗಳು ಮಾತ್ರ ಕುಣಿಯುತ್ತಿದ್ದವು. ಕೊನೆಯ ಬಿಕ್ಕಳಿಕೆಯೂ ಇರಲಿಲ್ಲ.

ಜನವರಿಯ ಒಂದು ಸಂಜೆ ಅವಳು ಬರೆದದ್ದನ್ನು ನಾನು ಎಂದಿನಂತೆ ಓದಿದೆ. ಅವಳು ನಗಲಿಲ್ಲ. ಒರೆಸಿ ಇನ್ನೊಂದು ಸಾಲು ಬರೆದಳು: "ನನ್ನ ದನಿ ಹಿಂಗಿದ್ದಿಲ್ಲ."

"ಮತ್ತೆ ಹೇಗಿತ್ತೇ?" ಎಂದೆ ನನ್ನ ದನಿಯಲ್ಲಿ.

ಅವಳು ಸೀಮೆಸುಣ್ಣ ಎತ್ತಿಕೊಂಡಳು. ಹೇಗಿತ್ತೆಂದು ಬರೆಯಲು ಆಗುತ್ತದೆಯೇ? ಪಾಟಿಯನ್ನು ಖಾಲಿಯೇ ಕೆಳಗಿಟ್ಟಳು. ಫೆಬ್ರವರಿಯಲ್ಲಿ ಹೋಗಿಬಿಟ್ಟಳು.

ಆಮೇಲೆ ಗೊತ್ತಾಯಿತು ನನಗಾದ ನಷ್ಟ ಎಂಥದ್ದೆಂದು. ಅಡುಗೆಮನೆಯಲ್ಲಿ ನಿಂತು ಅವಳ ಮಾತು ನೆನೆಸಿಕೊಳ್ಳಲು ಹೋದರೆ ಕಿವಿಯಲ್ಲಿ ಬರುತ್ತಿದ್ದುದು ನನ್ನ ಅಣಕ. "ಯಾಕ್ರೀ" ಎಂದರೆ ನಾನು ಎಳೆಯುವ "ಯಾಕ್ರೀ." ಕಿಟಕಿ ಮುಚ್ಚಿ, ಕಣ್ಣು ಮುಚ್ಚಿ, ತಲೆಗೆ ಟವೆಲ್ ಸುತ್ತಿ ನೋಡಿದೆ. ಅಸಲು ಎಲ್ಲೂ ಇಲ್ಲ. ಎಂಬತ್ತು ವಿಡಿಯೋಗಳನ್ನು ತೆರೆದೆ. ಅವಳು ಹೇಳಿದ್ದೇ ಸರಿ, ಎಲ್ಲದರಲ್ಲೂ ನಾನೇ ಅರಚುತ್ತಿದ್ದೇನೆ, ಅವಳು ಬರೀ ನಗುತ್ತಿದ್ದಾಳೆ. ಅವಳ ದನಿ ಉಳಿದಿರಬಹುದಾದ ಒಂದೇ ಜಾಗ ಅಟ್ಟ. ಅಲ್ಲಿಯೂ ನಾನೇ ಅಣಕ ತುಂಬಿಟ್ಟಿದ್ದೆ.

ಆದರೂ ಒಂದು ಆಸೆ. ಹನ್ನೊಂದನೆಯ ಸರದಿಯ ಯಾವುದೋ ಸಂದಿಯಲ್ಲಿ, ನನ್ನ ಗದ್ದಲದ ಹಿಂದೆ, ಅವಳ ಒಂದು "ಅಯ್ಯ" ಸಿಕ್ಕಿಬಿದ್ದಿರಬಹುದು. "ಚಲೋ ಆತ್ರಿ" ಎಂದದ್ದು ದೀಪ ಕೆಂಪಾದ ಮೇಲೆಯೋ ಮೊದಲೋ? ಅದನ್ನೇ ಯೋಚಿಸುತ್ತ ನಾಲ್ಕು ತಿಂಗಳು ಕಳೆದೆ.

ಅಷ್ಟರಲ್ಲಿ ಅಟ್ಟಕ್ಕೇ ಕುತ್ತು ಬಂತು. ಮೇಲೆ ಸುತ್ತುವ ಸಾವಿರಾರು ಉಪಗ್ರಹಗಳು ಆಯಸ್ಸು ಮುಗಿದ ಮೇಲೆ ಕೆಳಗಿಳಿದು ಅದೇ ಎತ್ತರದಲ್ಲಿ ಉರಿಯುತ್ತವೆ. ಅವುಗಳ ಅಲ್ಯೂಮಿನಿಯಂ ಬೂದಿ ಉಲ್ಕೆಯ ಬೂದಿಯ ಮೇಲೆ ಕೂರತೊಡಗಿತ್ತು. ಅದಕ್ಕೆ ದನಿ ಹಿಡಿಯುವ ಗುಣವಿಲ್ಲ. ಹಿಂದಿನ ವರ್ಷವೇ ಎರಡು ಸರದಿ ಚೂರುಚೂರಾಗಿ ಇಳಿದಿದ್ದವು. ಮೇಲಿನಿಂದ, ಅಂದರೆ ದೆಹಲಿಯಿಂದ, ಆದೇಶ ಬಂತು: ಈ ವರ್ಷ ಇಳಿಸಿಕೊಳ್ಳುವುದು ಮಾತ್ರ. ಏರಿಸುವುದು ಇನ್ನಿಲ್ಲ.

ಕೊನೆಯ ಮಿರಗದ ಬೆಳಗ್ಗೆ ಅಂಗಳದ ತುಂಬ ಜನ; ಗಾಜಿನಾಚೆಯ ಬೆಂಚಿನ ಮೇಲೆ ನೀಲಾಳ ಶಾಲೆಯ ಟೀಚರುಗಳು. ಕುಲಕರ್ಣಿಯವರ ಮನೆಯವರೂ ಬಂದಿದ್ದರು, ಈ ಸಲ ಸರಿಯಾದ ದಿನಕ್ಕೆ. ಅವರದೇನೂ ಮೇಲಿರಲಿಲ್ಲ. "ನಮ್ಮದ ಇಲ್ಲದಿದ್ರೂ ಬ್ಯಾರೇದವರದ ಕೇಳ್ತೀವ್ರಿ" ಎಂದರು ಸೊಸೆ, ಮಾವನ ಕೋಲನ್ನು ಮಡಿಲಲ್ಲಿಟ್ಟುಕೊಂಡು. ವಕೀಲರು ಶ್ರಾವಣದಲ್ಲೇ ತೀರಿಕೊಂಡಿದ್ದರು.

ಮೊದಲ ಸರದಿ ಇಳಿಯಿತು. ಎರಡನೆಯದರಲ್ಲಿ ಬರೀ ಗರಗರ. ಆ ಸರದಿಯ ಮನೆಯ ಮುದುಕಿ ಸ್ಪೀಕರಿಗೆ ಕಿವಿ ಹಚ್ಚಿ ನಾಲ್ಕು ನಿಮಿಷವೂ ನಿಂತರು. ಐದು ಅರ್ಧ ಬಂತು. ಎಂಟು ಬರಲೇ ಇಲ್ಲ.

ಹನ್ನೊಂದು ಸ್ಪಷ್ಟವಾಗಿ ಬಂತು, ಒಂದು ಚೂರೂ ಕೆಡದೆ.

"ಲೇ ಹುಡುಗೂರಾ, ಪುಸ್ತಕ ತಗೀರಿ..."

ಒಂದು ವರ್ಷ ಆಕಾಶದಲ್ಲಿದ್ದು ಬಂದ ನನ್ನ ದನಿ. ಎಷ್ಟು ಒರಟು, ಎಷ್ಟು ಸುಳ್ಳು! ನೀಲಾ ಹೇಳಿದ್ದು ನಿಜ, ಅವಳ ದನಿ ಹೀಗಿರಲಿಲ್ಲ. ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಹಿಂದಿನ ಸದ್ದು ಹುಡುಕಿದೆ. ಬೆಂಚಿನವರ ನಗು ಗಾಜಿನಾಚೆಯದು, ಅದು ಬಂದಿರಲಿಲ್ಲ. ಅವಳ ನಗುವಿದ್ದ ಕಡೆಯೆಲ್ಲ ಅದರ ಮೇಲೆ ನನ್ನ ಗಂಟಲು. ಕೊನೆಯಲ್ಲಿ ಒಂದು ಉಸಿರು, "ಚ" ಎಂಬ ಅರ್ಧ ಅಕ್ಷರ. ಮುಗಿಯಿತು.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಆಮೇಲಿನ ಸರದಿಗಳನ್ನು ಸುಮ್ಮನೆ ಗುಂಡಿ ಒತ್ತಿ ಕೇಳಿಸಿದೆ. ಹದಿನಾರರ ಹೊತ್ತಿಗೆ ಗರಗರ ಹೆಚ್ಚಾಗಿತ್ತು. ಪಟ್ಟಿ ನೋಡಿದೆ: ಹದಿನೇಳು, ಕುಲಕರ್ಣಿ, ಗೈರು. ಖಾಲಿ.

"ಹದಿನೇಳು ಬಿಟ್ಟು ಹದಿನೆಂಟಕ್ಕೆ ಹಾಕ್ತೀನಿ" ಎಂದೆ.

ನದಾಫ್ ಬಂದು ನನ್ನ ಕೈ ಹಿಡಿದ. ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಬಿಡಬ್ಯಾಡ್ರಿ ಸರ. ಹದಿನೇಳು ಹಚ್ರಿ."

"ಖಾಲಿ ಇದೆಯಲ್ಲಪ್ಪ."

"ಖಾಲಿ ಐತಿ ಅಂತ ಬರೀ ಅಂದಿದ್ರು ಅಕ್ಕೋರು. ಬರದೀನಿ." ಹದಿನೇಳರ ಗುಂಡಿಯನ್ನು ತಾನೇ ಒತ್ತಿದ. "ನೀವು ಡೀಸೆಲ್ ನೋಡಾಕ ಹೋಗಿದ್ರಿ."

ಸ್ಪೀಕರ್ ಗರಗರ ಎಂದಿತು. ಯಾರೋ ಗಂಟಲು ಸರಿಮಾಡಿಕೊಂಡರು. ಮೂರು ಸಲ, ನಾನು ಮಾಡುವ ಹಾಗೆಯೇ.

"ಹ್ಹಂ. ಹ್ಹಂ. ಹ್ಹಂ. ನಮಸ್ಕಾರ. ನಾನು ಚೆಲುವರಾಜು. ಅದೇನಪ್ಪಾ ಅಂದ್ರೆ, ನಾನು ನಿಜವಾದ ಮೇಲಧಿಕಾರಿ. ಮೇಲೆ... ಅಧಿಕಾರಿ. ಗೊತ್ತಾಯ್ತಾ? ಗೊತ್ತಾಗ್ಲಿಲ್ವಾ? ತಡೀರಿ, ಇನ್ನೊಂದ್ಸಲ ಹೇಳ್ತೀನಿ."

ನೀಲಾಳ ಒಡೆದ, ಜರ್ಜರಿತ ದನಿ. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ದಿನವೂ ಯಾರನ್ನೂ ಅಣಕಿಸದವಳು ನನ್ನ ಮೈಸೂರು ಮಾತನ್ನು ಮೂಗಿನ ಸಮೇತ ಹಿಡಿದಿದ್ದಳು.

"ನೀಲಾ! ನೀಲಾ, ನನ್ ಕನ್ನಡಕ ಎಲ್ಲಿಟ್ಟಿದೀಯೇ? ಹುಡುಕಿ ಹುಡುಕಿ ಸಾಕಾಯ್ತು ಕಣೇ... ಅಯ್ಯೋ, ತಲೆ ಮೇಲೇ ಇದೆ! ಮೇಲಧಿಕಾರಿ ಅಲ್ವಾ, ನನ್ನದೆಲ್ಲಾ ಮೇಲೇನೇ."

ನನಗೆ ಹೊಳೆಯದೆ ಹೋದ ಮಾತು ಅದು. ಕೈ ತಾನಾಗಿ ತಲೆಯ ಮೇಲೆ ಹೋಯಿತು. ಕನ್ನಡಕ ಅಲ್ಲೇ ಇತ್ತು.

"ಇವತ್ತು ನಾನೊಂದು ಕಳ್ಳತನ ಮಾಡಿದೀನಿ ಕಣ್ರಪ್ಪ. ಹೆಂಡ್ತಿಯ ನಾಲ್ಕು ನಿಮಿಷ ಕದ್ದಿದೀನಿ. ಈಗ ಡೀಸೆಲ್ ಶೆಡ್ ಹಿಂದೆ ನಿಂತ್ಕೊಂಡು ಅಳ್ತಾ ಇದೀನಿ. ಯಾರಿಗೂ ಕಾಣಲ್ಲ ಅಂದ್ಕೊಂಡಿದೀನಿ. ಇಲ್ಲಿ ಕಿಟಕಿಯಿಂದ ಎಲ್ಲಾ ಕಾಣುತ್ತೆ. ಅದೇನಪ್ಪಾ ಅಂದ್ರೆ, ನನಗೆ ಹೆದರಿಕೆ ಆದ್ರೆ ಅಣಕ ಬರುತ್ತೆ. ಮದುವೆ ದಿನಾನೂ ಹೆದರಿಕೊಂಡು ಮಾವನವರ ದನೀಲಿ ಮಾವನವರಿಗೇ ಆಶೀರ್ವಾದ ಮಾಡಿದ್ದೆ. ನನ್ ಹೆಂಡ್ತಿಗೆ ಗೊತ್ತು ಇದೆಲ್ಲ. ಬೇಜಾರಾಯ್ತೇನೇ ಅಂತ ಕೇಳ್ದೆ. ಇಲ್ಲ ಅಂದ್ಳು. ಒಂಚೂರೂ ಇಲ್ಲ ಅಂದ್ಳು. ಮುಂದಿನ ವರ್ಷ ಇದನ್ನ ಕೇಳಾಕ ಬಂದಾಗ..."

ಗರಗರ.

"ಥೋ, 'ಕೇಳಾಕ' ಅಂದ್ಬಿಟ್ಟೆ. ತಪ್ಪಾತಲ್ರೀ ನದಾಫ್!"

ಆಗ ಬಂತು ಅದು. ನಗು. ಮೊದಲು ತಡೆದದ್ದು, ಆಮೇಲೆ ತಡೆಯಲಾಗದ್ದು, ದೂರದಲ್ಲಿ ನದಾಫನ ಖೊಕ್ ಖೊಕ್ ಸೇರಿ ಇನ್ನೂ ಏರಿದ್ದು, ಕೊನೆಯಲ್ಲಿ ಆ ಬಿಕ್ಕಳಿಕೆ. ಅಲ್ಲಿಂದ ಮುಂದೆ ಅವಳು ನನ್ನ ಮಾತು ಆಡಲಿಲ್ಲ. ಅವಳದೇ ಮಾತು, ಅವಳದೇ ದನಿ. ನಾನು ಎಳೆಯುತ್ತಿದ್ದ ಹಾಗೆ ಎಳೆಯದ, ಸಣ್ಣಗೆ ಮೊಟಕಾಗಿ ಮುಗಿಯುವ, ಬಿಸಿ ದನಿ. ಇದು. ಇದೇ.

"ರೀ. ಇನ್ನ ಸ್ವಲ್ಪ ಹೊತ್ತ ಐತಿ. ಪುಸ್ತಕದಾಗ ಬಾಳ ಬರಕೊಂಡಿದ್ದೆ, ಅದ್ಯಾವುದೂ ಬ್ಯಾಡನಿಸ್ತು. ಏನ್ ಸುಮ್ನ ಕುಂತೀರಿ? ಅಣಕ ಚಲೋ ಆಗಿಲ್ಲೇನು? ನೀವು ಆಡ್ಕೊಂಡಾಗೆಲ್ಲಾ ನಾ ನಕ್ಕಿಲ್ಲೇನ್ರಿ? ನಿಯಮ ಮರತ್ರೇನು?"

ದನಿ ತೆಳುವಾಯಿತು. ಅಲ್ಯೂಮಿನಿಯಂ ಗರಗರ ಅದರ ಮೇಲೆ ಹರಡಿಕೊಂಡಿತು. ಕೆಂಪು ದೀಪ.

ನದಾಫ್ ಗೋಡೆಗೆ ಮುಖ ಹಾಕಿ ನಿಂತಿದ್ದ. ಗಾಜಿನಾಚೆ ಶಾಲೆಯ ಟೀಚರುಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕುಲಕರ್ಣಿಯವರ ಸೊಸೆ ಮಾವನ ಕೋಲಿಗೆ ಹಣೆ ಹಚ್ಚಿಕೊಂಡು, ತಮಗೆ ದಕ್ಕದೆ ಹೋದ ಆ ನಾಲ್ಕು ನಿಮಿಷಕ್ಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ನಾನು ಕನ್ನಡಕವನ್ನು ತಲೆಯಿಂದ ತೆಗೆದೆ. ಮೂಗಿನ ಮೇಲಿಟ್ಟುಕೊಂಡೆ. ಏನೂ ಕಾಣಲಿಲ್ಲ, ಒದ್ದೆಯಾಗಿತ್ತು. ಮೇಜು ಹಿಡಿದುಕೊಂಡು, ಬಾಗಿ, ಮತ್ತೆ ಎದ್ದು, ಅಂಗಳದಲ್ಲಿದ್ದ ರೈತರೆಲ್ಲ ಒಳಗೆ ಇಣುಕುವ ಹಾಗೆ, ಗಾಜು ನಡುಗುವ ಹಾಗೆ ನಕ್ಕೆ. ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ ನಕ್ಕೆ.